ಅಂಗಡಿಗೆ ಒಯ್ಯುವ ಮುನ್ನ ಪರದೆಯನ್ನೊಮ್ಮೆ ಓದಿ

“ಮಗಾ, ಓಎಸ್ ಹೋಯ್ತು ಕಣೋ.”

ಎಂಜಿನಿಯರಿಂಗ್ ಹಾಸ್ಟೆಲ್‌ಗಳಲ್ಲಿ ಈ ಮಾತು ಕೇಳದ ವಾರವಿಲ್ಲ. ಪ್ರಾಜೆಕ್ಟ್ ಸಲ್ಲಿಸಲು ಎರಡು ದಿನ ಬಾಕಿ ಇರುವಾಗ, ಪ್ಲೇಸ್‌ಮೆಂಟ್‌ನ ಆನ್‌ಲೈನ್ ಟೆಸ್ಟ್‌ನ ಮುನ್ನಾದಿನ ಇದು ಇನ್ನೂ ಜೋರಾಗಿ ಕೇಳುತ್ತದೆ. ವಿಂಡೋಸ್ ಹಾಕಲು ಹೋದರೆ ಅರ್ಧಕ್ಕೆ ನಿಂತಿರುತ್ತದೆ, ಲಿನಕ್ಸ್ ಹಾಕಲು ಹೋದರೆ ಪರದೆ ಕಪ್ಪಾಗಿರುತ್ತದೆ, ಮೊದಲು ಇದ್ದದ್ದೂ ಕೈಬಿಟ್ಟು ಹೋಗಿರುತ್ತದೆ. ಅಕ್ಕಪಕ್ಕದ ರೂಮಿನವರು ಬಂದು ನೋಡಿ ಹೇಳುವುದೂ ಒಂದೇ: “ಸುಮ್ನೆ ಅಂಗಡಿಗೆ ಕೊಡು ಗುರು, ಫಾರ್ಮ್ಯಾಟ್ ಹೊಡ್ಕೊಡ್ತಾರೆ.”

ನನ್ನ ತಕರಾರು ಇರುವುದು ಈ ಎರಡನೇ ಮಾತಿನ ಮೇಲೆ. ಲ್ಯಾಪ್‌ಟಾಪ್ ಕೆಡುವುದು ಸಹಜ. ಆದರೆ ಆಪರೇಟಿಂಗ್ ಸಿಸ್ಟಮ್ಸ್ ಎಂಬ ವಿಷಯವನ್ನೇ ಒಂದು ಇಡೀ ಸೆಮಿಸ್ಟರ್ ಓದುವ ನಾವು, ಬ್ಯಾಂಕರ್ಸ್ ಅಲ್ಗಾರಿದಮ್ಮನ್ನು ಹತ್ತು ಅಂಕಕ್ಕೆ ತಪ್ಪಿಲ್ಲದೆ ಬರೆಯುವ ನಾವು, ನಮ್ಮದೇ ಲ್ಯಾಪ್‌ಟಾಪ್ ಪರದೆ ಮೇಲೆ ಬಂದ ಎರಡು ಸಾಲಿನ ಸಂದೇಶವನ್ನು ಪೂರ್ತಿ ಓದದೆ ಬ್ಯಾಗಿಗೆ ಹಾಕಿಕೊಂಡು ಅಂಗಡಿಗೆ ಓಡುವುದು ಸಹಜವಲ್ಲ. ಇನ್‌ಸ್ಟಾಲ್ ಆಗದ ಓಎಸ್ಸನ್ನು ಸರಿ ಮಾಡುವುದು ನಮ್ಮ ಕೆಲಸ. ಅದನ್ನು ನಮಗೆ ಕಲಿಸುವುದು ಕಾಲೇಜಿನ ಕೆಲಸ. ಇಷ್ಟನ್ನು ಹೇಳಲು ಈ ಬರಹ.

ಕಡಿಮೆ ಬೆಲೆಯ ಲ್ಯಾಪ್‌ಟಾಪ್, ಹೆಚ್ಚು ತಲೆನೋವು

ಲಕ್ಷ ರೂಪಾಯಿಯ ಲ್ಯಾಪ್‌ಟಾಪ್ ಕೊಂಡವರಿಗೆ ಈ ಸಮಸ್ಯೆ ಅಷ್ಟಾಗಿ ಬರುವುದಿಲ್ಲ. ಓಎಸ್ ಅದರಲ್ಲೇ ಬಂದಿರುತ್ತದೆ, ವಾರಂಟಿಯೂ ಇರುತ್ತದೆ. ತಾಪತ್ರಯವೆಲ್ಲ ನಮ್ಮಂಥವರದು. ಒಂದಷ್ಟು ಸಾವಿರ ಉಳಿಯುತ್ತದೆಂದು ವಿಂಡೋಸ್ ಇಲ್ಲದ, ‘ಡಾಸ್’ ಎಂದು ನಮೂದಿಸಿದ ಮಾಡೆಲ್ ಕೊಳ್ಳುವವರು ನಾವು. ಮನೆಗೆ ತಂದು ಆನ್ ಮಾಡಿದರೆ ಕಪ್ಪು ಪರದೆ, ಅದರ ಮೇಲೆ ಮಿನುಗುವ ಒಂದು ಗೆರೆ, ಅಷ್ಟೇ. ಇನ್ನು ಕೆಲವರದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್. ಮತ್ತೆ ಕೆಲವರದು ಅಣ್ಣನೋ ಅಕ್ಕನೋ ಬಳಸಿ ಬಿಟ್ಟದ್ದು.

ಈಗ ಇದರ ಜೊತೆಗೆ ಇನ್ನೊಂದು ಸೇರಿಕೊಂಡಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಕನಿಷ್ಠ 4 ಜಿಬಿ ರ್‍ಯಾಮ್, 64 ಜಿಬಿ ಜಾಗ, ಟಿಪಿಎಂ 2.0 ಚಿಪ್ ಬೇಕು. ಪ್ರೊಸೆಸರ್ ಕೂಡ ಅವರ ಪಟ್ಟಿಯಲ್ಲಿರಬೇಕು. ಇಂಟೆಲ್‌ನ 6ನೇ, 7ನೇ ತಲೆಮಾರಿನ ಎಷ್ಟೋ ಲ್ಯಾಪ್‌ಟಾಪ್‌ಗಳು ಚೆನ್ನಾಗಿಯೇ ಓಡುತ್ತಿದ್ದರೂ ಆ ಪಟ್ಟಿಯಿಂದ ಹೊರಗಿವೆ. ಹಾಗಾಗಿ ಹಳೆಯ ಲ್ಯಾಪ್‌ಟಾಪ್ ಇರುವವರೆಲ್ಲ ಒಂದಲ್ಲ ಒಂದು ದಿನ ಹೊಸ ಓಎಸ್ ಹಾಕುವ ಸಾಹಸಕ್ಕೆ ಇಳಿಯಲೇಬೇಕು.

ಹೋಗಿದೆ ಎಂದದ್ದು ಹೋಗಿರಲಿಲ್ಲ

ನನ್ನ ಕ್ಲಾಸಿನ ಗೆಳೆಯನೊಬ್ಬ ಹಾವೇರಿ ಕಡೆಯವನು. ಗೋವಿನಜೋಳ ಮಾರಿ ಬಂದ ದುಡ್ಡಿನಲ್ಲಿ ಅವನಪ್ಪ ಕೊಡಿಸಿದ ಡಾಸ್ ಲ್ಯಾಪ್‌ಟಾಪ್ ಅವನದು. ವಿಂಡೋಸ್ 11 ಹಾಕಲು ಕೂತಾಗ ಡಿಸ್ಕ್ ಆಯ್ಕೆ ಮಾಡುವ ಪುಟದವರೆಗೆ ಎಲ್ಲವೂ ಸರಾಗ. ಅಲ್ಲಿ ಪಟ್ಟಿ ಖಾಲಿ. ಯಾವ ಡ್ರೈವ್ ಕೂಡ ಸಿಗಲಿಲ್ಲ, ಸ್ಟೋರೇಜ್ ಡ್ರೈವರ್ ಬೇಕಾದರೆ ‘ಲೋಡ್ ಡ್ರೈವರ್’ ಒತ್ತಿ ಎಂಬ ಇಂಗ್ಲಿಷ್ ಸಂದೇಶ. ಅಂಗಡಿಯೊಂದಕ್ಕೆ ಒಯ್ದ. ಅಲ್ಲಿದ್ದವರು ಐದೇ ನಿಮಿಷ ನೋಡಿ, “ಎಸ್‌ಎಸ್‌ಡಿ ಹೋಗಿದೆ, ಹೊಸದು ಹಾಕ್ಬೇಕು, ಮೂರೂವರೆ ಸಾವಿರ ಆಗುತ್ತೆ” ಅಂದರು. ಮೂರೂವರೆ ಸಾವಿರ ಅವನಿಗೆ ಒಂದು ತಿಂಗಳ ಮೆಸ್ ಬಿಲ್.

ಅವನು ವಾಪಸ್ ತಂದ ಮೇಲೆ ನಾವು ನಾಲ್ಕು ಜನ ಕೂತು ನೋಡಿದೆವು. ಬಯಾಸ್‌ಗೆ ಹೋದರೆ ಅಲ್ಲಿ ಎಸ್‌ಎಸ್‌ಡಿಯ ಹೆಸರು, ಗಾತ್ರ ಎರಡೂ ಸ್ಪಷ್ಟವಾಗಿ ಕಾಣುತ್ತಿತ್ತು. ಅಂದರೆ ಲ್ಯಾಪ್‌ಟಾಪ್‌ಗೆ ಡಿಸ್ಕ್ ಕಾಣುತ್ತಿದೆ, ವಿಂಡೋಸ್ ಸೆಟಪ್‌ಗೆ ಮಾತ್ರ ಕಾಣುತ್ತಿಲ್ಲ. ಅಲ್ಲಿಗೆ ತೊಡಕು ಇರುವುದು ಡಿಸ್ಕ್‌ನಲ್ಲಲ್ಲ, ಅದಕ್ಕೂ ಸೆಟಪ್‌ಗೂ ನಡುವೆ. ಇಂಟೆಲ್‌ನ 11ನೇ ತಲೆಮಾರಿನ ನಂತರದ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ ಎಂಬ ವ್ಯವಸ್ಥೆ ಆನ್ ಆಗಿರುತ್ತದೆ. ಆಗ ಎಸ್‌ಎಸ್‌ಡಿ ನೇರವಾಗಿ ಸಿಗದೆ ವಿಎಂಡಿಯ ಹಿಂದೆ ನಿಂತಿರುತ್ತದೆ. ಅದನ್ನು ನೋಡಲು ಬೇಕಾದ ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಡ್ರೈವರ್ ವಿಂಡೋಸ್ ಸೆಟಪ್‌ನಲ್ಲಿ ಇಲ್ಲದಿದ್ದರೆ ಪಟ್ಟಿ ಖಾಲಿ. ದಾರಿ ಎರಡು. ಲ್ಯಾಪ್‌ಟಾಪ್ ಕಂಪನಿಯ ಅಧಿಕೃತ ತಾಣದಿಂದ ಆ ಡ್ರೈವರ್ ಇಳಿಸಿ, ಫೈಲ್ ಬಿಚ್ಚಿ ಪೆನ್‌ಡ್ರೈವ್‌ಗೆ ಹಾಕಿ ‘ಲೋಡ್ ಡ್ರೈವರ್’ ಕೊಡುವುದು ಒಂದು. ಬಯಾಸ್‌ನಲ್ಲಿ ವಿಎಂಡಿಯನ್ನೇ ಆಫ್ ಮಾಡುವುದು ಇನ್ನೊಂದು. ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ ಆ ಆಯ್ಕೆ ಕಣ್ಣಿಗೇ ಬೀಳುವುದಿಲ್ಲ. ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒಟ್ಟಿಗೆ ಒತ್ತಿದಾಗಷ್ಟೇ ಹೊರಬರುತ್ತದೆ. ವಿಎಂಡಿ ಆನ್ ಇದ್ದಾಗ ಹಾಕಿದ ವಿಂಡೋಸ್ ಈಗಾಗಲೇ ಲ್ಯಾಪ್‌ಟಾಪ್‌ನಲ್ಲಿದ್ದರೆ ಮಾತ್ರ ಆಫ್ ಮಾಡಲು ಹೋಗಬಾರದು, ಅದು ಬೂಟ್ ಆಗುವುದೇ ನಿಂತೀತು.

ನಾವು ಮೊದಲ ದಾರಿ ಹಿಡಿದೆವು. ಡಿಸ್ಕ್ ಪಟ್ಟಿಯಲ್ಲಿ ಬಂತು. ಖರ್ಚು ಸೊನ್ನೆ.

ಅಂಗಡಿಯವರು ಮೋಸ ಮಾಡಿದರು ಎಂದು ನಾನು ಹೇಳುತ್ತಿಲ್ಲ. ದಿನಕ್ಕೆ ಹತ್ತಾರು ಲ್ಯಾಪ್‌ಟಾಪ್ ನೋಡುವವರಿಗೆ ಒಂದೊಂದಕ್ಕೂ ಅರ್ಧ ಗಂಟೆ ಕೊಡಲು ಆಗುವುದಿಲ್ಲ. ಹೊಸ ಭಾಗ ಹಾಕಿದರೆ ಅವರ ಕೆಲಸ ಬೇಗ ಮುಗಿಯುತ್ತದೆ. ಆದರೆ ಆ ಅರ್ಧ ಗಂಟೆ ನಮ್ಮ ಹತ್ತಿರ ಇದೆ. ಲ್ಯಾಪ್‌ಟಾಪ್ ನಮ್ಮದು, ದುಡ್ಡೂ ನಮ್ಮಪ್ಪಂದಿರದು.

ಎಲ್ಲಿ ನಿಂತಿತು ಎಂದು ಮೊದಲು ಕೇಳಿ

ಮೇಲಿನ ಕಥೆಯಲ್ಲಿ ಮುಖ್ಯವಾದದ್ದು ವಿಎಂಡಿ ಅಲ್ಲ. ನಾಳೆ ಬೇರೆ ಹೆಸರಿನ ಬೇರೆ ತೊಡಕು ಬರುತ್ತದೆ. ಮುಖ್ಯವಾದದ್ದು ‘ಎಲ್ಲಿಯವರೆಗೆ ಸರಿಯಿತ್ತು, ಎಲ್ಲಿ ನಿಂತಿತು’ ಎಂಬ ಪ್ರಶ್ನೆ. ಊರಿನಲ್ಲಿ ಪಂಪ್‌ಸೆಟ್ ಓಡದಿದ್ದರೆ ರೈತ ಏನು ಮಾಡುತ್ತಾನೆ? ಮೊದಲು ಕರೆಂಟ್ ಇದೆಯಾ ನೋಡುತ್ತಾನೆ, ಆಮೇಲೆ ಫ್ಯೂಸ್, ಆಮೇಲೆ ಸ್ಟಾರ್ಟರ್, ಕೊನೆಗೆ ಮೋಟಾರ್. ಮೋಟಾರನ್ನೇ ಮೊದಲು ಬಾವಿಯಿಂದ ಎತ್ತಿಸುವುದಿಲ್ಲ. ಓಎಸ್ ಇನ್‌ಸ್ಟಾಲ್ ಮಾಡುವುದರಲ್ಲೂ ಹೀಗೆ ಐದು ಮೆಟ್ಟಿಲು ಇವೆ.

ಮೊದಲನೆಯದು ಪೆನ್‌ಡ್ರೈವ್. ಹಾಸ್ಟೆಲ್ ವೈಫೈಯಲ್ಲಿ ಐದಾರು ಜಿಬಿಯ ಫೈಲ್ ಇಳಿಸುವಾಗ ನಡುವೆ ಕಡಿದು ಹೋದರೆ ಫೈಲ್ ಅರೆಬರೆ ಆಗಿರಬಹುದು. ಉಬುಂಟು, ಡೆಬಿಯನ್‌ನಂಥವರು ಫೈಲ್ ಜೊತೆ ಎಸ್‌ಎಚ್‌ಎ-256 ಎಂಬ ಉದ್ದನೆಯ ಸಂಕೇತವನ್ನೂ ಕೊಡುತ್ತಾರೆ. ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಆದೇಶದಿಂದ ನಾವು ಇಳಿಸಿಕೊಂಡದ್ದರ ಸಂಕೇತ ತೆಗೆದು ಹೋಲಿಸಿದರೆ ಸಾಕು. ಇನ್ನೊಂದು ಸಾಮಾನ್ಯ ತೊಡಕು: ಪೆನ್‌ಡ್ರೈವ್‌ಗೆ ಫೈಲ್‌ಗಳನ್ನು ಬರೀ ಕಾಪಿ-ಪೇಸ್ಟ್ ಮಾಡುವುದು. ಫ್ಯಾಟ್32 ಮಾದರಿಯ ಪೆನ್‌ಡ್ರೈವ್‌ನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ. ವಿಂಡೋಸ್‌ನ ಮುಖ್ಯ ಫೈಲ್ ಈಗ ಆ ಮಿತಿಯನ್ನು ದಾಟುವುದೇ ಹೆಚ್ಚು. ರೂಫಸ್, ವೆಂಟಾಯ್‌ನಂಥ ಉಚಿತ ತಂತ್ರಾಂಶಗಳು ಇದನ್ನು ತಾವೇ ನಿಭಾಯಿಸುತ್ತವೆ.

ಎರಡನೆಯದು, ಲ್ಯಾಪ್‌ಟಾಪ್ ಆ ಪೆನ್‌ಡ್ರೈವ್‌ನಿಂದ ಬೂಟ್ ಆಗುವುದು. ಆನ್ ಮಾಡಿದ ಕೂಡಲೇ ಎಫ್2, ಎಫ್9, ಎಫ್12, ಎಸ್ಕೇಪ್ ಹೀಗೆ ಕಂಪನಿಗೊಂದು ಕೀ ಇರುತ್ತದೆ. ಪಟ್ಟಿಯಲ್ಲಿ ಪೆನ್‌ಡ್ರೈವ್ ಕಾಣದಿದ್ದರೆ ಬೇರೆ ಯುಎಸ್‌ಬಿ ಪೋರ್ಟಿಗೆ ಹಾಕಿ ನೋಡಬೇಕು. ಕಂಡೂ ಬೂಟ್ ಆಗದಿದ್ದರೆ ಸೆಕ್ಯೂರ್ ಬೂಟ್ ಕಡೆ ನೋಡಬೇಕು. ಕೆಲವು ಬಯಾಸ್‌ಗಳಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ ಇಡುವವರೆಗೆ ಸೆಕ್ಯೂರ್ ಬೂಟ್ ಆಯ್ಕೆ ಬೂದು ಬಣ್ಣದಲ್ಲೇ ಕೂತಿರುತ್ತದೆ. ಪಾಸ್‌ವರ್ಡ್ ಇಟ್ಟರೆ ಅದನ್ನು ಬರೆದಿಟ್ಟುಕೊಳ್ಳುವುದೂ ಅಷ್ಟೇ ಮುಖ್ಯ.

ಮೂರನೆಯದು, ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣುವುದು ಮತ್ತು ಒಪ್ಪಿಗೆಯಾಗುವುದು. ವಿಎಂಡಿ ಕಥೆ ಇಲ್ಲಿಯದು. ಇದೇ ಮೆಟ್ಟಿಲಲ್ಲಿ ಬರುವ ಇನ್ನೊಂದು ಸಂದೇಶ, ಡಿಸ್ಕ್‌ನಲ್ಲಿ ಎಂಬಿಆರ್ ಪಟ್ಟಿ ಇದೆ, ಇಎಫ್‌ಐ ಕಂಪ್ಯೂಟರ್‌ನಲ್ಲಿ ಜಿಪಿಟಿ ಇರುವ ಡಿಸ್ಕ್‌ಗೆ ಮಾತ್ರ ವಿಂಡೋಸ್ ಹಾಕಬಹುದು ಎಂಬುದು. ಇದಕ್ಕೆ ಹೆದರಬೇಕಿಲ್ಲ. ಡಿಸ್ಕ್‌ನ ಜಾಗವನ್ನು ವಿಂಗಡಿಸಿ ಬರೆದಿಡುವ ವಿಧಾನ ಎರಡು ಇವೆ, ಹಳೆಯದು ಎಂಬಿಆರ್, ಹೊಸದು ಜಿಪಿಟಿ. ಪೆನ್‌ಡ್ರೈವ್ ಹೊಸ ಪದ್ಧತಿಯಲ್ಲಿ ಬೂಟ್ ಆಗಿದೆ, ಡಿಸ್ಕ್ ಹಳೆಯ ಪದ್ಧತಿಯಲ್ಲಿದೆ, ಅಷ್ಟೇ ಜಗಳ. ಡಿಸ್ಕ್‌ನಲ್ಲಿ ಉಳಿಸಬೇಕಾದದ್ದು ಏನೂ ಇಲ್ಲದಿದ್ದರೆ ಹಳೆಯ ಪಾರ್ಟಿಶನ್‌ಗಳನ್ನೆಲ್ಲ ಅಳಿಸಿ ಖಾಲಿ ಜಾಗವನ್ನು ಆರಿಸಿದರೆ ಸೆಟಪ್ ತಾನೇ ಜಿಪಿಟಿ ಮಾಡಿಕೊಳ್ಳುತ್ತದೆ. ಉಳಿಸಬೇಕಾದದ್ದು ಇದ್ದರೆ ಅಲ್ಲೇ ಕೈ ನಿಲ್ಲಿಸಬೇಕು.

ನಾಲ್ಕನೆಯದು, ಫೈಲ್‌ಗಳು ನಕಲಾಗುವುದು. ಶೇ 30, 60 ಹೀಗೆ ಎಲ್ಲೋ ನಿಂತು 80070570 ಎಂಬ ಸಂಖ್ಯೆ ಬಂದರೆ ಫೈಲ್ ಹಾಳಾಗಿದೆ ಅಥವಾ ಇಲ್ಲ ಎಂದು ಅರ್ಥ. ಪೆನ್‌ಡ್ರೈವ್ ಬದಲಿಸಿ, ಫೈಲ್ ಹೊಸದಾಗಿ ಇಳಿಸಿ ನೋಡಬೇಕು. ಪ್ರತಿ ಸಲವೂ ಬೇರೆ ಬೇರೆ ಜಾಗದಲ್ಲಿ ನಿಲ್ಲುತ್ತಿದ್ದರೆ ರ್‍ಯಾಮ್ ಮೇಲೆ ಅನುಮಾನ ಪಡಬಹುದು. ಮೆಮ್‌ಟೆಸ್ಟ್86+ ಎಂಬ ಉಚಿತ ಪರೀಕ್ಷೆಯನ್ನು ರಾತ್ರಿ ಓಡಲು ಬಿಟ್ಟು ಮಲಗಿದರೆ ಬೆಳಿಗ್ಗೆ ಉತ್ತರ ಸಿಗುತ್ತದೆ.

ಐದನೆಯದು, ಮುಗಿದ ಮೇಲೆ ಮೊದಲ ಸಲ ಏಳುವುದು. ರೀಸ್ಟಾರ್ಟ್ ಆದಾಗ ಸೆಟಪ್ ಮತ್ತೆ ಮೊದಲಿನಿಂದ ಶುರುವಾದರೆ ಗಾಬರಿಯಾಗಬೇಡಿ, ಪೆನ್‌ಡ್ರೈವ್ ಇನ್ನೂ ಚುಚ್ಚಿಕೊಂಡೇ ಇದೆ, ತೆಗೆಯಿರಿ. ಲಿನಕ್ಸ್ ಹಾಕಿದ ಮೇಲೆ ಪರದೆ ಕಪ್ಪಾದರೆ ಅದು ಬಹಳ ಸಲ ಗ್ರಾಫಿಕ್ಸ್ ತಕರಾರು. ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ಲಿನಕ್ಸ್ ಎಂದು ಶುರುವಾಗುವ ಸಾಲಿನ ಕೊನೆಗೆ ನೋಮೋಡ್‌ಸೆಟ್ ಸೇರಿಸಿ ಎಫ್10 ಒತ್ತಿದರೆ ಒಮ್ಮೆ ಒಳಗೆ ಹೋಗಿ ಡ್ರೈವರ್ ಹಾಕಿಕೊಳ್ಳಬಹುದು. ಎಲ್ಲ ಸರಿಯಾಗಿ ವೈಫೈ ಮಾತ್ರ ಬರದಿದ್ದರೆ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಆ ಇಂಟರ್‌ನೆಟ್‌ನಿಂದಲೇ ವೈಫೈ ಡ್ರೈವರ್ ಇಳಿಸಿಕೊಳ್ಳಬಹುದು. ಇನ್ನೂ ಒಳ್ಳೆಯದೆಂದರೆ, ಉಬುಂಟುವನ್ನು ಹಾಕುವ ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡುವ ಆಯ್ಕೆ ಇದೆ. ವೈಫೈ, ಸೌಂಡ್, ಟಚ್‌ಪ್ಯಾಡ್ ಎಲ್ಲವನ್ನೂ ಅಲ್ಲೇ ಪರೀಕ್ಷಿಸಿಕೊಳ್ಳಬಹುದು.

ಈ ಐದರಲ್ಲಿ ಎಷ್ಟನೇ ಮೆಟ್ಟಿಲಲ್ಲಿ ನಿಂತಿತು ಎಂದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧಕ್ಕೆ ಎರಡೇ ನಿಯಮ. ಬಂದ ಸಂದೇಶವನ್ನು ಫೋನಿನಲ್ಲಿ ಫೋಟೊ ತೆಗೆದುಕೊಳ್ಳಿ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸೆಕ್ಯೂರ್ ಬೂಟ್ ಆಫ್ ಮಾಡಿ, ಪೆನ್‌ಡ್ರೈವ್ ಬದಲಿಸಿ, ಬಯಾಸ್ ರೀಸೆಟ್ ಮಾಡಿ, ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ಗೊತ್ತಾಗುವುದಿಲ್ಲ. ಸರಿಹೋಗದಿದ್ದರಂತೂ ಹೊಸ ತೊಡಕು ಎಲ್ಲಿಂದ ಬಂತೆಂದೂ ಗೊತ್ತಾಗುವುದಿಲ್ಲ.

ಕಳೆದುಕೊಳ್ಳುವುದು ದುಡ್ಡಷ್ಟೇ ಅಲ್ಲ

“ಐನೂರು ರೂಪಾಯಿಗೆ ಆಗೋ ಕೆಲಸಕ್ಕೆ ಇಷ್ಟೆಲ್ಲಾ ಯಾಕೆ?” ಎಂದು ಕೇಳುವವರಿದ್ದಾರೆ. ಐನೂರರ ಜೊತೆ ಏನೇನು ಹೋಗುತ್ತದೆ ನೋಡೋಣ.

ಮೊದಲು ಹೋಗುವುದು ಡೇಟಾ. ‘ಫಾರ್ಮ್ಯಾಟ್ ಹೊಡೆಯುವುದು’ ಎಂದರೆ ಹಲವು ಕಡೆ ಇಡೀ ಡಿಸ್ಕ್ ಒರೆಸುವುದು ಎಂದೇ ಅರ್ಥ. ಪ್ರಾಜೆಕ್ಟ್ ಕೋಡ್, ಮಾರ್ಕ್ಸ್ ಕಾರ್ಡ್ ಸ್ಕ್ಯಾನ್, ಮನೆಯ ಫೋಟೊ ಎಲ್ಲವೂ ಅದರಲ್ಲೇ. ಎಷ್ಟೋ ಸಲ ಡಿಸ್ಕ್ ಒರೆಸುವ ಅಗತ್ಯವೇ ಇರುವುದಿಲ್ಲ. ಬೂಟ್ ಆಗದ ಲ್ಯಾಪ್‌ಟಾಪ್‌ನಿಂದಲೂ ಲಿನಕ್ಸ್ ಪೆನ್‌ಡ್ರೈವ್ ಓಡಿಸಿ ಫೈಲ್‌ಗಳನ್ನು ಹೊರತೆಗೆಯಬಹುದು. ಇಲ್ಲಿ ಒಂದು ಎಚ್ಚರ ಬೇಕು. ಈಗಿನ ವಿಂಡೋಸ್ 11 ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದರೆ ಡಿಸ್ಕ್ ತಾನಾಗಿಯೇ ಗೂಢಲಿಪೀಕರಣವಾಗಿರುವುದುಂಟು. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಮುಟ್ಟಿದರೆ ಅದು 48 ಅಂಕಿಗಳ ಬಿಟ್‌ಲಾಕರ್ ರಿಕವರಿ ಕೀ ಕೇಳಬಹುದು. ಆ ಕೀ ಇಲ್ಲದಿದ್ದರೆ ಯಾವ ಅಂಗಡಿಯವರಿಗೂ ಆ ಡೇಟಾ ತೆರೆಯಲು ಬರುವುದಿಲ್ಲ. ಆದ್ದರಿಂದ ಕೈ ಹಾಕುವ ಮೊದಲು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಆ ಕೀ ಇದೆಯೇ ನೋಡಿ, ಹಾಳೆಯ ಮೇಲೆ ಬರೆದುಕೊಳ್ಳಿ.

ಎರಡನೆಯದು, ಕಳ್ಳ ವಿಂಡೋಸ್. ಅಗ್ಗದಲ್ಲಿ ಹಾಕಿಕೊಟ್ಟ ವಿಂಡೋಸ್ ಜೊತೆ ಎಲ್ಲಿಂದಲೋ ಬಂದ ಒಂದು ‘ಆಕ್ಟಿವೇಟರ್’ ಇರುತ್ತದೆ. ಅದನ್ನು ಓಡಿಸಲು ಆ್ಯಂಟಿವೈರಸ್ ಆಫ್ ಮಾಡಬೇಕು. ಅದೇ ಲ್ಯಾಪ್‌ಟಾಪ್‌ನಲ್ಲಿ ನಾವು ಬ್ಯಾಂಕ್‌ಗೂ ಲಾಗಿನ್ ಆಗುತ್ತೇವೆ. ತಮಾಷೆಯೆಂದರೆ, ವಿಂಡೋಸ್ 8 ಅಥವಾ ನಂತರದ ವಿಂಡೋಸ್ ಜೊತೆಗೇ ಬಂದ ಲ್ಯಾಪ್‌ಟಾಪ್ ಆಗಿದ್ದರೆ ಅದರ ಅಸಲಿ ಲೈಸೆನ್ಸ್ ಕೀ ಸಾಮಾನ್ಯವಾಗಿ ಮದರ್‌ಬೋರ್ಡ್‌ನ ಫರ್ಮ್‌ವೇರ್‌ನಲ್ಲೇ ಇರುತ್ತದೆ. ಅದೇ ಆವೃತ್ತಿಯನ್ನು, ಹೋಮ್ ಇದ್ದಲ್ಲಿ ಹೋಮ್ ಅನ್ನೇ, ಮೈಕ್ರೋಸಾಫ್ಟ್ ತಾಣದಿಂದ ಇಳಿಸಿ ಹಾಕಿದರೆ ಇಂಟರ್‌ನೆಟ್ ಸಿಕ್ಕ ಕೂಡಲೇ ತಾನೇ ಆಕ್ಟಿವೇಟ್ ಆಗುತ್ತದೆ. ಮನೆಯಲ್ಲೇ ಅಸಲಿ ಇಟ್ಟುಕೊಂಡು ದುಡ್ಡು ಕೊಟ್ಟು ನಕಲಿ ಹಾಕಿಸಿಕೊಂಡು ಬರುವವರು ನಮ್ಮಲ್ಲಿ ಕಡಿಮೆಯಿಲ್ಲ.

ಮೂರನೆಯದು ಖಾಸಗಿತನ. ಇದನ್ನು ಹುಡುಗಿಯರ ಹಾಸ್ಟೆಲ್‌ನಲ್ಲಿ ಕೇಳಿ ನೋಡಿ. ತಮ್ಮ ಫೋಟೊ, ಚಾಟ್, ಲಾಗಿನ್ ಎಲ್ಲ ಇರುವ ಲ್ಯಾಪ್‌ಟಾಪನ್ನು ಪಾಸ್‌ವರ್ಡ್ ಸಮೇತ ಗುರುತಿಲ್ಲದವರ ಕೈಗೆ ಕೊಟ್ಟು ಎರಡು ದಿನ ಕಾಯುವುದು ಅವರಿಗೆ ಹಗುರದ ವಿಷಯವಲ್ಲ.

ಕೀಬೋರ್ಡ್ ಕಿತ್ತುಕೊಳ್ಳುವ ಸಹಾಯ

ನಮ್ಮ ನಡುವೆಯೇ ಇರುವ ‘ಎಕ್ಸ್‌ಪರ್ಟ್’ಗಳ ಬಗ್ಗೆಯೂ ಒಂದು ಮಾತು. ಪ್ರತಿ ಹಾಸ್ಟೆಲ್‌ನಲ್ಲೂ ಒಬ್ಬ ಇರುತ್ತಾನೆ. ಸಹಾಯ ಕೇಳಿದರೆ, “ಸರಿ ಸರಿ, ಇತ್ಲಾಗ್ ಕೊಡು” ಎಂದು ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿಕೊಳ್ಳುತ್ತಾನೆ. ಹತ್ತು ನಿಮಿಷ ಟಕಟಕ ಒತ್ತಿ ಸರಿ ಮಾಡಿ ಕೊಡುತ್ತಾನೆ. ಕೇಳಿದವರು ಥ್ಯಾಂಕ್ಸ್ ಹೇಳಿ ಹೋಗುತ್ತಾರೆ, ಮೂರು ತಿಂಗಳ ನಂತರ ಅದೇ ಸಮಸ್ಯೆ ಹೊತ್ತು ಮತ್ತೆ ಬರುತ್ತಾರೆ. ಕೇಳಿದ್ದು ಹುಡುಗಿಯಾಗಿದ್ದರೆ “ನಿಂಗೆ ಇದೆಲ್ಲ ಬೇಡ ಬಿಡು” ಎಂಬ ಮಾತೂ ಸೇರಿಕೊಳ್ಳುತ್ತದೆ. ಅವಳೂ ಅದೇ ಬಿಇ, ಅದೇ ಬ್ರ್ಯಾಂಚ್, ಎಷ್ಟೋ ಸಲ ಅವನಿಗಿಂತ ಹೆಚ್ಚು ಅಂಕ. ಗೊತ್ತಿರುವವರು ಕೈ ಕಟ್ಟಿಕೊಂಡು ಪಕ್ಕದಲ್ಲಿ ಕೂತು, ಕೀಬೋರ್ಡ್ ಅವರ ಕೈಯಲ್ಲೇ ಬಿಟ್ಟು, “ಏನು ಬಂತು ಓದು” ಎಂದರೆ ಸಾಕು. ಹತ್ತು ನಿಮಿಷದ ಕೆಲಸ ನಲವತ್ತು ನಿಮಿಷ ಹಿಡಿಯುತ್ತದೆ. ಆದರೆ ಆ ಮೇಲೆ ಹಾಸ್ಟೆಲ್‌ನಲ್ಲಿ ಗೊತ್ತಿರುವವರು ಇಬ್ಬರಾಗುತ್ತಾರೆ.

‘ಏನು ಬಂತು ಓದು’ ಎಂಬಲ್ಲಿಯೇ ಕನ್ನಡ ಮಾಧ್ಯಮದಿಂದ ಬಂದವರು ಹಿಂಜರಿಯುತ್ತಾರೆ. ಇಂಗ್ಲಿಷ್ ಸಂದೇಶ ಬಂದ ತಕ್ಷಣ ಓಕೆ ಒತ್ತಿ ಮುಚ್ಚಿಬಿಡುವ ಅಭ್ಯಾಸ. ಆದರೆ ಈ ಸಂದೇಶಗಳ ಇಂಗ್ಲಿಷ್ ಕಷ್ಟದ್ದಲ್ಲ, ಹತ್ತಿಪ್ಪತ್ತು ಪದ ಗೊತ್ತಿದ್ದರೆ ಸಾಕು: ಡಿಸ್ಕ್, ಪಾರ್ಟಿಶನ್, ಡ್ರೈವರ್, ಕರಪ್ಟ್, ಮಿಸ್ಸಿಂಗ್, ಇರೇಸ್. ಇಂಗ್ಲಿಷ್ ಮಾಧ್ಯಮದವರು ಸರ್ರನೆ ಕಣ್ಣಾಡಿಸಿ ಬಿಡುವ ಸಾಲನ್ನು ಪದ ಪದವಾಗಿ ಓದುವವರೇ ಸರಿಯಾಗಿ ಹಿಡಿಯುವುದನ್ನು ನಾನು ನೋಡಿದ್ದೇನೆ. ಡೆಬಿಯನ್ ಲಿನಕ್ಸ್‌ನ ಇನ್‌ಸ್ಟಾಲರ್ ಕನ್ನಡದಲ್ಲೂ ಸಿಗುತ್ತದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಮೊದಲ ಸಲ ಅದನ್ನು ಕನ್ನಡದಲ್ಲಿ ನಡೆಸಿ ನೋಡಿದರೆ ಯಾವ ಹಂತದಲ್ಲಿ ಏನು ಕೇಳುತ್ತಿದ್ದಾರೆಂದು ಮನಸ್ಸಿಗೆ ಕೂರುತ್ತದೆ.

ಎಐ ಇದೆಯಲ್ಲ ಎನ್ನುವವರಿಗೆ

ಈಗ ಎಲ್ಲದಕ್ಕೂ ಎಐ ಇದೆಯಲ್ಲ, ಅದನ್ನೇ ಕೇಳಿದರಾಯಿತು ಎಂಬ ಮಾತೂ ಇದೆ. ಖಂಡಿತ ಕೇಳಿ. ಆದರೆ ‘ವಿಂಡೋಸ್ ಇನ್‌ಸ್ಟಾಲ್ ಆಗ್ತಿಲ್ಲ’ ಎಂದಷ್ಟೇ ಕೇಳಿದರೆ ಅದು ಹದಿನೈದು ಪರಿಹಾರ ಕೊಡುತ್ತದೆ. ಅದರಲ್ಲೊಂದು ಡಿಸ್ಕ್‌ಪಾರ್ಟ್‌ನಲ್ಲಿ ‘ಕ್ಲೀನ್’ ಎಂಬ ಆದೇಶವಾಗಿರಬಹುದು. ಆ ಐದಕ್ಷರದ ಇಂಗ್ಲಿಷ್ ಪದ, ‘ನಿಜವಾಗಿಯೂ ಅಳಿಸಲೇ?’ ಎಂದು ಒಮ್ಮೆಯೂ ಕೇಳದೆ ಆರಿಸಿದ ಡಿಸ್ಕ್‌ನ ಪಾರ್ಟಿಶನ್‌ಗಳನ್ನೆಲ್ಲ ತೆಗೆದುಬಿಡುತ್ತದೆ. ಯಾವ ಡಿಸ್ಕ್ ಆರಿಸಿದ್ದೀರಿ, ಅದರಲ್ಲಿ ಏನಿತ್ತು ಎಂಬುದು ನಿಮಗೆ ಗೊತ್ತೇ ಹೊರತು ಎಐಗಲ್ಲ. ‘12ನೇ ತಲೆಮಾರಿನ ಐ3, ಬಯಾಸ್‌ನಲ್ಲಿ ಎಸ್‌ಎಸ್‌ಡಿ ಕಾಣುತ್ತಿದೆ, ಸೆಟಪ್‌ನಲ್ಲಿ ಕಾಣುತ್ತಿಲ್ಲ’ ಎಂದು ಕೇಳುವವರಿಗೆ ಸರಿಯಾದ ಉತ್ತರ ಸಿಗುತ್ತದೆ. ಆದರೆ ಹಾಗೆ ಕೇಳಲು ಬಂದರೆ ಆಗಲೇ ಅರ್ಧ ಎಂಜಿನಿಯರ್ ಆದಂತೆ.

ಕೆಲಸ ಹುಡುಕುವವರಿಗೆ ಇದು ಯಾವ ಉಪಯೋಗಕ್ಕೆ? 2024ರ ಜುಲೈ 19 ನೆನಪಿಸಿಕೊಳ್ಳಿ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆಗೆ ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟರು. ಅಪ್‌ಡೇಟನ್ನು ಕಂಪನಿ ಬೇಗನೆ ಹಿಂತೆಗೆದುಕೊಂಡಿತು. ಆದರೆ ಬೂಟ್ ಆಗದ ಕಂಪ್ಯೂಟರ್‌ಗೆ ಸರಿಪಡಿಸಿದ ಅಪ್‌ಡೇಟ್ ತಲುಪುವುದು ಹೇಗೆ? ಬಹಳ ಕಡೆ ಒಬ್ಬರು ಹೋಗಿ, ಒಂದೊಂದೇ ಕಂಪ್ಯೂಟರ್ ಮುಂದೆ ಕೂತು, ಸೇಫ್ ಮೋಡ್‌ನಲ್ಲಿ ಎಬ್ಬಿಸಿ, ಬಿಟ್‌ಲಾಕರ್ ಕೀ ಒತ್ತಿ, ಒಂದು ಫೈಲ್ ಅಳಿಸಬೇಕಾಯಿತು. ಅವತ್ತು ಬೇಕಾಗಿದ್ದ ಜ್ಞಾನ ಇದೇ: ಎಲ್ಲಿಯವರೆಗೆ ಏಳುತ್ತದೆ, ಎಲ್ಲಿ ನಿಲ್ಲುತ್ತದೆ, ಅಲ್ಲಿಗೆ ಹೋಗುವ ದಾರಿ ಯಾವುದು.

ಲ್ಯಾಬ್‌ಗೆ ಎರಡು ಗುಜರಿ ಕಂಪ್ಯೂಟರ್ ಸಾಕು

ನಮ್ಮ ಓಎಸ್ ಲ್ಯಾಬ್‌ನಲ್ಲಿ ನಾವು ಸಿ ಭಾಷೆಯಲ್ಲಿ ಸಿಪಿಯು ಶೆಡ್ಯೂಲಿಂಗ್, ಪೇಜ್ ರೀಪ್ಲೇಸ್‌ಮೆಂಟ್ ಪ್ರೋಗ್ರಾಂ ಬರೆಯುತ್ತೇವೆ. ಬೇಡ ಎನ್ನುತ್ತಿಲ್ಲ, ಅದು ಬೇಕು. ಆದರೆ ಒಂದು ಓಎಸ್ ಖಾಲಿ ಡಿಸ್ಕ್ ಮೇಲೆ ಏಳುವುದನ್ನು ನಾಲ್ಕು ವರ್ಷದಲ್ಲಿ ಒಮ್ಮೆಯೂ ಕಣ್ಣಾರೆ ನೋಡದೆ ಬಿಇ ಮುಗಿಸಬಹುದು ಎಂಬುದು ವಿಚಿತ್ರ. ಅಡುಗೆ ಪುಸ್ತಕ ಬಾಯಿಪಾಠ ಮಾಡಿ ಒಲೆ ಹಚ್ಚಲು ಬರದಂತೆ.

ಇದಕ್ಕೆ ಹೊಸ ಪಠ್ಯಕ್ರಮ ಬೇಕಿಲ್ಲ, ಬಜೆಟ್ಟೂ ಬೇಕಿಲ್ಲ. ಪ್ರತಿ ಕಾಲೇಜಿನ ಸ್ಟೋರ್ ರೂಮಿನಲ್ಲಿ ಧೂಳು ಹಿಡಿದ ಹಳೆಯ ಕಂಪ್ಯೂಟರ್‌ಗಳಿವೆ. ಅಂಥ ಎರಡು, ಜೊತೆಗೆ ನಾಲ್ಕು ಪೆನ್‌ಡ್ರೈವ್. ಸೆಮಿಸ್ಟರ್‌ಗೆ ಒಂದು ಮಧ್ಯಾಹ್ನ. ಲ್ಯಾಬ್ ಇನ್‌ಸ್ಟ್ರಕ್ಟರ್ ಬೇಕೆಂದೇ ಒಂದು ತೊಡಕು ಇಡಲಿ: ಒಂದರಲ್ಲಿ ಅರೆಬರೆ ಇಳಿಸಿದ ಫೈಲ್, ಇನ್ನೊಂದರಲ್ಲಿ ಎಂಬಿಆರ್ ಡಿಸ್ಕ್. ನಾಲ್ಕು ನಾಲ್ಕು ಜನರ ತಂಡ ಕಂಡುಹಿಡಿಯಲಿ. ಇನ್‌ಸ್ಟಾಲ್ ಆಯಿತೋ ಇಲ್ಲವೋ ಎಂಬುದಕ್ಕೆ ಅಂಕ ಬೇಡ. ಯಾವ ಮೆಟ್ಟಿಲಲ್ಲಿ ನಿಂತಿತು, ಹಾಗೆಂದು ಹೇಗೆ ಗೊತ್ತಾಯಿತು, ಏನು ಬದಲಿಸಿ ನೋಡಿದಿರಿ ಎಂದು ರೆಕಾರ್ಡ್ ಬುಕ್‌ನಲ್ಲಿ ಬರೆದದ್ದಕ್ಕೆ ಅಂಕ ಕೊಡಲಿ.

ಇದೇನು ಅಸಾಧ್ಯದ ಮಾತಲ್ಲ. ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳಿಗೆ ಕೈಟ್ ಎಂಬ ಸರ್ಕಾರಿ ಸಂಸ್ಥೆಯೇ ಲಿನಕ್ಸ್ ರೂಪಿಸಿ ಕೊಟ್ಟಿದೆ. ಸಾರ್ವಜನಿಕರು ತಮ್ಮ ಲ್ಯಾಪ್‌ಟಾಪ್ ತಂದು ಅದನ್ನು ಹಾಕಿಸಿಕೊಳ್ಳುವ ಶಿಬಿರಗಳನ್ನೂ ನಡೆಸಿದೆ. ನಮ್ಮಲ್ಲಿಯೂ ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕದಂಥ ಬಳಗಗಳು ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಇಂಥ ಶಿಬಿರ ಮಾಡುತ್ತ ಬಂದಿವೆ. ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಸಾಫ್ಟ್‌ವೇರ್ ಸ್ವಾತಂತ್ರ್ಯ ದಿನ ಬರುತ್ತದೆ. ಅವತ್ತು ಸೆಮಿನಾರ್ ಹಾಲ್‌ನಲ್ಲಿ ಭಾಷಣ ಇಡುವ ಬದಲು ಎರಡು ಟೇಬಲ್ ಹಾಕಿ, “ಕೆಟ್ಟ ಲ್ಯಾಪ್‌ಟಾಪ್ ತನ್ನಿ” ಎಂದು ಬೋರ್ಡ್ ಹಾಕಿದರೆ ಸಾಲು ಹಚ್ಚಿ ಬರುತ್ತಾರೆ.

ಕೆಲವು ಸಲ ಎಸ್‌ಎಸ್‌ಡಿ ನಿಜವಾಗಿಯೂ ಹೋಗಿರುತ್ತದೆ. ಬಯಾಸ್‌ನಲ್ಲೇ ಅದರ ಹೆಸರಿಲ್ಲ, ತೆಗೆದು ಮತ್ತೆ ಕೂರಿಸಿದರೂ ಇಲ್ಲ ಎಂದಾದರೆ ಅಂಗಡಿಗೆ ಹೋಗಲೇಬೇಕು. ಹೋಗೋಣ. ಆದರೆ “ಅಣ್ಣಾ, ಏನೋ ಆಗಿದೆ, ನೋಡಿ” ಎಂದು ಹೋಗುವುದು ಬೇಡ. “ಬಯಾಸ್‌ನಲ್ಲಿ ಡಿಸ್ಕ್ ಕಾಣ್ತಿಲ್ಲ ಅಣ್ಣಾ, 512 ಜಿಬಿ ಎನ್‌ವಿಎಂಇ ಎಷ್ಟಾಗುತ್ತೆ?” ಎಂದು ಕೇಳುತ್ತ ಹೋಗೋಣ. ಹಾಗೆ ಕೇಳಿದವರ ಜೊತೆ ಅಂಗಡಿಯವರೂ ಬೇರೆ ರೀತಿಯೇ ಮಾತಾಡುತ್ತಾರೆ.